ಪಂಪು ಕೆಟ್ಟ ದಿನ ಯಾರು ಬರ್ತಾರೆ?

ಹೋದ ಸಂಚಿಕೆಯಲ್ಲಿ ಕುಡಿಯೋ ನೀರಿನ ಬಗ್ಗೆ ಏನು ಕೇಳೋದಿದ್ರೂ ಬರೀರಿ ಅಂದಿದ್ವಿ, ಇಷ್ಟೊಂದು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಎಲ್ಲದಕ್ಕೂ ಜಾಗ ಸಾಲ್ದು, ಅದಕ್ಕೆ ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಬರ್ದಿದೀನಿ. ಬಡ ಊರುಗಳ ನೀರಿನ ಕೆಲಸದಲ್ಲಿ ತುಂಬ ವರ್ಷ ಓಡಾಡಿದೋನು ನಾನು, ಕೆಲವು ಉತ್ತರ ಬರೀತಾ ಬರೀತಾ ಉದ್ದ ಆಗೋಗಿದೆ, ಕ್ಷಮಿಸಿ.

ಪ್ರಶ್ನೆ: ನಾವು ಹತ್ತು ಜನ ಗೆಳೆಯರು ಸೇರಿ ದುಡ್ಡು ಒಟ್ಟು ಮಾಡಿದೀವಿ. ನೀರಿಗೆ ಕಷ್ಟ ಇರೋ ಒಂದು ಊರಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕ್ಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋದು?

ನಿಮ್ಮ ಮನಸ್ಸು ದೊಡ್ಡದು, ಆದ್ರೆ ಕೊರೆಯೋ ಗಾಡಿಗೆ ಅಡ್ವಾನ್ಸ್ ಕೊಡೋ ಮುಂಚೆ ಒಂದು ವಿಷಯ ಗಟ್ಟಿ ಮಾಡ್ಕೊಳಿ. ಪಂಪು ಕೆಟ್ಟ ದಿನ ಯಾರು ಬರ್ತಾರೆ? ಬರೋರ ಹೆಸರೇನು, ಎಷ್ಟು ದೂರದಿಂದ ಬರ್ಬೇಕು, ಸ್ಪೇರ್ ಪಾರ್ಟು ಎಲ್ಲಿ ಸಿಗುತ್ತೆ, ಅವರ ಕೂಲಿ ಯಾರು ಕೊಡ್ತಾರೆ? ಇಷ್ಟಕ್ಕೆ ಊರವರ ಬಾಯಿಂದಾನೇ ಉತ್ತರ ಬರ್ಬೇಕು, ನಿಮ್ಮ ಬಾಯಿಂದ ಅಲ್ಲ. ಆಫ್ರಿಕಾದಲ್ಲಿ ಸಹಾರಾದ ಕೆಳಗಿರೋ ದೇಶಗಳಲ್ಲಿ ಕೈಪಂಪುಗಳನ್ನ ಎಣಿಸಿ ನೋಡಿದಾಗ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ನಿಂತೋಗಿತ್ತು. ಅವೆಲ್ಲಾನೂ ಯಾರೋ ನಿಮ್ಮ ಹಾಗೇನೇ ಒಳ್ಳೆ ಮನಸ್ಸಿಂದ ದುಡ್ಡು ಹಾಕಿ ನಿಲ್ಲಿಸಿದ್ದ ಪಂಪುಗಳೇ.

ನಾನು ಕಂಡಿದ್ದು ಒಂದು ಹೇಳ್ತೀನಿ. ಒಂದು ಊರಲ್ಲಿ ಪಂಪು ವರ್ಷದ ಮೇಲಾಗಿತ್ತು ನಿಂತು, ಕಟ್ಟೆ ಸುತ್ತ ಮೊಣಕಾಲುದ್ದ ಹುಲ್ಲು, ಹ್ಯಾಂಡಲ್ ಒತ್ತಿದ್ರೆ ಏನೂ ಭಾರ ಇಲ್ಲ, ಗಾಳೀಲಿ ಕೈ ಆಡಿಸಿದ ಹಾಗೆ. ಬೋರು ಬತ್ತೋಗಿದೆ ಅಂತ ಎಲ್ಲರೂ ನಂಬಿದ್ರು. ಪೈಪು ಒಂದೊಂದಾಗಿ ಮೇಲಕ್ಕೆ ಎಳೆದು, ಕ್ಲಾಂಪು ಹಾಕಿ, ಬಿಚ್ಚಿ, ಪಕ್ಕಕ್ಕಿಟ್ಟು, ಕೊನೇಲಿ ಸಿಲಿಂಡರ್ ಕೈಗೆ ಸಿಕ್ಕಾಗ ನೋಡಿದ್ರೆ ಒಳಗೆ ಪಿಸ್ಟನ್‌ಗೆ ಹಾಕಿರೋ ಬಟ್ಟಲಿನಂಥ ವಾಷರ್ ಸವೆದು ಅಂಚೆಲ್ಲ ಹರಿದಿತ್ತು. ಅಂಗೈಯಲ್ಲಿ ಮುಚ್ಕೊಂಡ್ರೆ ಕಾಣಲ್ಲ, ಅಷ್ಟು ಸಣ್ಣದು. ಎರಡು ವಾಷರ್ ಬದಲಾಯಿಸಿದ್ವಿ, ಮಧ್ಯಾಹ್ನದೊಳಗೆ ನೀರು ಬಂತು. ಒಬ್ಬ ಅಜ್ಜಿ ಹಳೇ ವಾಷರನ್ನ ಕೈಲಿ ಹಿಡ್ಕೊಂಡು "ಇಷ್ಟೇನಾ?" ಅಂದ್ರು. ಇನ್ನೊಂದು ಮಾತಾಡ್ಲಿಲ್ಲ. ಆ ವರ್ಷವಿಡೀ ಅವರು ದೂರದ ಹಳ್ಳದಿಂದ ನೀರು ಹೊತ್ತಿದ್ರು.

ಅದಕ್ಕೆ ಪಂಪು ಆರಿಸೋವಾಗ್ಲೇ ರಿಪೇರಿ ಬಗ್ಗೆ ಯೋಚ್ನೆ ಮಾಡಿ. 1970ರ ದಶಕದಲ್ಲಿ ಭಾರತದಲ್ಲಿ ಯುನಿಸೆಫ್ ಜೊತೆ ಸೇರಿ ತಯಾರಾದ ಇಂಡಿಯಾ ಮಾರ್ಕ್ ಟು ಪಂಪು ಪ್ರಪಂಚದ ಎಷ್ಟೋ ದೇಶಗಳಿಗೆ ಹೋಯ್ತು, ಗಟ್ಟಿಮುಟ್ಟು ಪಂಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ವಾಷರ್ ಬದಲಾಯಿಸ್ಬೇಕು ಅಂದ್ರೆ ಕಬ್ಬಿಣದ ಪೈಪೆಲ್ಲ ಹೊರಗೆ ತೆಗೀಬೇಕು, ನಾಲ್ಕು ಜನ ಬೇಕು, ಸರಿಯಾದ ಸಾಮಾನು ಬೇಕು. ಈ ಕಷ್ಟ ನೋಡಿದ ಮೇಲೇನೇ, 1981ರಿಂದ 1990ರವರೆಗೆ ವಿಶ್ವಸಂಸ್ಥೆ ಕುಡಿಯೋ ನೀರಿನ ದಶಕ ಅಂತ ಮಾಡಿದ್ದ ಕಾಲದಲ್ಲಿ, ಊರವರೇ ಬಿಚ್ಚಿ ಜೋಡಿಸೋಕೆ ಆಗೋ ಪಂಪು ಬೇಕು ಅನ್ನೋ ಮಾತು ಜೋರಾಯ್ತು. ಮಾರ್ಕ್ ತ್ರೀ ಮತ್ತೆ ಆಫ್ರಿಡೆವ್ ಅನ್ನೋ ಪಂಪುಗಳಲ್ಲಿ ಪೈಪು ಹಾಗೇ ಇರುತ್ತೆ, ಅದರೊಳಗಿಂದಾನೇ ಪಿಸ್ಟನ್ ಎಳೆದು ತೆಗೀಬೋದು, ಆಫ್ರಿಡೆವ್‌ಗಂತೂ ಒಂದೇ ಸ್ಪ್ಯಾನರ್ ಸಾಕು. ತುಂಬ ಆಳದ ನೀರಿಗೆ ಎಲ್ಲಾ ಪಂಪೂ ಆಗಲ್ಲ, ಅದನ್ನ ಬೋರು ಕೊರೆದ ಮೇಲೆ ನೀರಿನ ಮಟ್ಟ ಅಳೆದು ತೀರ್ಮಾನ ಮಾಡ್ಬೇಕು. ಇದಕ್ಕಿಂತ ಮುಖ್ಯ ಏನಂದ್ರೆ ಸುತ್ತಮುತ್ತಲ ಊರುಗಳಲ್ಲಿ ಯಾವ ಪಂಪು ಇದೆಯೋ ಅದನ್ನೇ ಹಾಕಿ. ಅವರ ಮೆಕ್ಯಾನಿಕ್ ನಿಮಗೂ ಬರ್ತಾನೆ, ಅವರ ಪಾರ್ಟು ನಿಮಗೂ ಆಗುತ್ತೆ.

ಒಟ್ಟು ಮಾಡಿರೋ ದುಡ್ಡೆಲ್ಲ ಕೊರೆಯೋಕೇ ಸುರೀಬೇಡಿ, ಒಂದು ಪಾಲು ಪಕ್ಕಕ್ಕಿಡಿ. ಇಲ್ದಿದ್ರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತೆ.

ಪ್ರಶ್ನೆ: ನಮಗೆ ಪರಿಚಯದ ಸಂಘದವರು ಎರಡು ವರ್ಷದ ಹಿಂದೆ ಪಂಪು ಹಾಕಿಸಿದ್ರು. ಪಂಪು ಕೆಟ್ಟಿಲ್ಲ, ನೀರೂ ಬರುತ್ತೆ, ಆದ್ರೂ ಹೆಂಗಸರು ಮತ್ತೆ ಹಳೇ ಕುಂಟೆಗೇ ಹೋಗ್ತಿದಾರೆ. ತಿಳುವಳಿಕೆ ಕೊಡೋ ಕಾರ್ಯಕ್ರಮ ಮಾಡೋಣ ಅಂತಿದೀವಿ.

ಕಾರ್ಯಕ್ರಮ ಬೇಡ, ಮೊದ್ಲು ಬೆಳಗಿನ ಜಾವ ಹೋಗಿ ಆ ಪಂಪಿಂದ ಮೊದಲನೇ ಬಕೆಟ್ ನೀವೇ ಹೊಡೆದು ನೋಡಿ. ಬಿಳೀ ಬಕೆಟ್ ತಗೊಂಡ್ಹೋಗಿ. ನೀರು ಕೆಂಪಗೆ, ತುಕ್ಕಿನ ವಾಸನೆ, ಸ್ವಲ್ಪ ಹೊತ್ತು ಹೊಡೆದ ಮೇಲೆ ತಿಳಿ ಆಗುತ್ತೆ ಅಂದ್ರೆ ತಪ್ಪು ಹೆಂಗಸರದ್ದಲ್ಲ, ಪೈಪಿಂದು. ನೆಲದೊಳಗಿನ ನೀರಿಗೆ ಹುಳಿ ಗುಣ ಇದ್ರೆ, ಅಂದ್ರೆ ಪಿಎಚ್ ಆರೂವರೆಗಿಂತ ಕಮ್ಮಿ ಇದ್ರೆ, ಸತು ಲೇಪನದ ಕಬ್ಬಿಣದ ಪೈಪು ಒಳಗೊಳಗೇ ತಿಂದೋಗುತ್ತೆ. ರಾತ್ರಿಯೆಲ್ಲ ನೀರು ಪೈಪಲ್ಲಿ ನಿಂತಿರುತ್ತಲ್ಲ, ಅದಕ್ಕೇ ಬೆಳಗಿನ ನೀರು ಎಲ್ಲಕ್ಕಿಂತ ಕೆಟ್ಟದಾಗಿರುತ್ತೆ. ಬಟ್ಟೆ ಒಗೆದ್ರೆ ಕಲೆ, ಕುಡಿದ್ರೆ ಕಬ್ಬಿಣದ ರುಚಿ, ಅಡುಗೆ ಬಣ್ಣ ಬದಲಾಗುತ್ತೆ. ಕುಂಟೆ ನೀರಲ್ಲಿ ರೋಗ ಇರೋದು ಕಣ್ಣಿಗೆ ಕಾಣಲ್ಲ, ಇದು ಕಾಣುತ್ತೆ, ಯಾರಾದ್ರೂ ಏನು ಮಾಡ್ತಾರೆ ಹೇಳಿ.

ಪಿಎಚ್ ಅಳೆಸಿ. ಕಮ್ಮಿ ಬಂದ್ರೆ ಕಬ್ಬಿಣದ ಪೈಪು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಆಳಕ್ಕೆ ತಕ್ಕ ಹಾಗೆ ಪಿವಿಸಿ ಪೈಪು ಹಾಕ್ಸಿ. ಆಮೇಲೂ ಕೆಂಪು ಹೋಗ್ಲಿಲ್ಲ ಅಂದ್ರೆ ಕಬ್ಬಿಣ ನೆಲದ ನೀರಲ್ಲೇ ಇದೆ ಅಂತ ಅರ್ಥ, ಗಾಳಿ ಆಡಿಸಿ ಮರಳಲ್ಲಿ ಸೋಸೋ ವ್ಯವಸ್ಥೆ ಬೇಕಾಗುತ್ತೆ. ಪಶ್ಚಿಮ ಆಫ್ರಿಕಾದಲ್ಲಿ ಈ ತುಕ್ಕಿನ ಸಮಸ್ಯೆ 1980ರ ದಶಕದಲ್ಲೇ ಗೊತ್ತಾಗಿತ್ತು, ಆದ್ರೂ ಇವತ್ತಿಗೂ ಪಿಎಚ್ ನೋಡದೇ ಕಬ್ಬಿಣದ ಪೈಪು ಇಳಿಸ್ತಾರೆ. ಇದು ನಂಗೆ ನಿಜವಾಗ್ಲೂ ಹೊಟ್ಟೆ ಉರಿಸೋ ವಿಷಯ.

ಪ್ರಶ್ನೆ: ಕುದಿಸಿದ ನೀರು ಅಂದ್ರೆ ಎಲ್ಲಾ ಕಡೆ ಸುರಕ್ಷಿತ ತಾನೇ? ನೀರು ಸ್ವಚ್ಛವಾಗಿ ಕಾಣಿಸ್ತಾ ಇದ್ರೆ ಟೆಸ್ಟ್ ಯಾಕೆ ಬೇಕು?

ರೋಗಾಣುಗೆ ಕುದಿಸೋದು ಒಳ್ಳೆ ಮದ್ದು, ನೀರು ಕೊತ ಕೊತ ಕುದ್ರೆ ಸಾಕು. ಆದ್ರೆ ನೀರಲ್ಲಿ ಕರಗಿರೋ ವಿಷಕ್ಕೆ ಕುದಿಸೋದು ಮದ್ದಲ್ಲ, ಉಲ್ಟಾ ಆಗುತ್ತೆ. ನೀರು ಆವಿಯಾಗಿ ಹೋಗುತ್ತೆ, ವಿಷ ಪಾತ್ರೇಲೇ ಉಳಿಯುತ್ತೆ.

ಬಾಂಗ್ಲಾದೇಶದ ಕಥೆ ನೀರಿನ ಕೆಲಸ ಮಾಡೋ ಎಲ್ಲರೂ ತಿಳ್ಕೊಂಡಿರ್ಬೇಕು. ಕೆರೆ ಕುಂಟೆ ನೀರು ಕುಡಿದು ವಾಂತಿಭೇದಿ ಆಗಿ ಮಕ್ಕಳು ಸಾಯ್ತಿದಾರೆ ಅಂತ 1970ರ ದಶಕದಲ್ಲಿ ಅಲ್ಲಿ ಸರ್ಕಾರ, ಯುನಿಸೆಫ್ ಎಲ್ಲ ಸೇರಿ ಕೊಳವೆಬಾವಿ ಹಾಕ್ಸೋಕೆ ಶುರು ಮಾಡಿದ್ರು, ಆಮೇಲೆ ಜನ ತಾವೇ ತಮ್ಮ ಅಂಗಳದಲ್ಲಿ ಹಾಕಿಸ್ಕೊಂಡ್ರು, ಲಕ್ಷ ಲಕ್ಷ ಬಾವಿ ಆದ್ವು. ನೀರು ಕನ್ನಡಿ ಥರ. 1993ರಲ್ಲಿ ಗೊತ್ತಾಯ್ತು ಅದರಲ್ಲಿ ಆರ್ಸೆನಿಕ್ ಇದೆ ಅಂತ. ಯಾವ ಕಾರ್ಖಾನೆಯೂ ಬಿಟ್ಟಿದ್ದಲ್ಲ ಅದು, ಹಿಮಾಲಯದಿಂದ ನದಿಗಳು ಸಾವಿರಾರು ವರ್ಷ ಹೊತ್ತು ತಂದು ಹಾಕಿದ ಮಣ್ಣಲ್ಲೇ ಇತ್ತು. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ ಅಂಗಾಲಲ್ಲಿ ಗಂಟು, ಚರ್ಮದ ಮೇಲೆ ಕಪ್ಪು ಚುಕ್ಕೆ, ಆಮೇಲೆ ಕ್ಯಾನ್ಸರ್. ಬಾವಿಗಳನ್ನ ಟೆಸ್ಟ್ ಮಾಡಿ ವಿಷ ಇರೋ ಪಂಪಿನ ಮೂತಿಗೆ ಕೆಂಪು ಬಣ್ಣ, ಇಲ್ಲದ್ದಕ್ಕೆ ಹಸಿರು ಬಳಿದ್ರು. ಎಷ್ಟೋ ಕಡೆ ಒಂದು ಮನೆಯದ್ದು ಕೆಂಪು, ಪಕ್ಕದ ಮನೆಯದ್ದು ಹಸಿರು, ಮಧ್ಯೆ ಕೆಲವೇ ಹೆಜ್ಜೆ! ನೆಲದೊಳಗೆ ಅಷ್ಟು ವ್ಯತ್ಯಾಸ ಇರುತ್ತೆ. ಹಾಗಾಗಿ ಪಕ್ಕದ ಊರಿನ ನೀರು ಚೆನ್ನಾಗಿದೆ, ನಮ್ಮದೂ ಚೆನ್ನಾಗೇ ಇರುತ್ತೆ ಅನ್ನೋ ಮಾತಿಗೆ ಅರ್ಥ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಮ್ ದಾಟಬಾರ್ದು, ಫ್ಲೋರೈಡ್ 1.5 ಮಿಲಿಗ್ರಾಮ್ ದಾಟಬಾರ್ದು. ಫ್ಲೋರೈಡೂ ಅಷ್ಟೇ, ನೆಲದ ಕಲ್ಲಿಂದ ಬರೋದು, ಇಥಿಯೋಪಿಯಾದಿಂದ ತಾಂಜಾನಿಯಾವರೆಗೆ ಹೋಗೋ ರಿಫ್ಟ್ ಕಣಿವೆಯಲ್ಲೂ ಇದೆ, ಭಾರತದಲ್ಲೂ ಇದೆ, ಹಲ್ಲು ಕಂದು ಆಗೋದ್ರಿಂದ ಶುರುವಾಗಿ ಮೂಳೆ ಸೊಟ್ಟ ಆಗೋವರೆಗೂ ಹೋಗುತ್ತೆ. ಪಟಿಕ ಮತ್ತೆ ಸುಣ್ಣ ಹಾಕಿ ಕಲಕಿ ಫ್ಲೋರೈಡನ್ನ ತಳಕ್ಕೆ ಇಳಿಸೋ ನಲ್ಗೊಂಡ ವಿಧಾನ ಅಂತ ಒಂದಿದೆ, ಕೆಲಸ ಮಾಡುತ್ತೆ, ಆದ್ರೆ ದಿನಾ ಸರಿಯಾದ ಅಳತೇಲಿ ಹಾಕೋರು ಬೇಕು, ತಳದ ಕೆಸರು ಚೆಲ್ಲೋಕೆ ಜಾಗ ಬೇಕು. ಇಲ್ಲೂ ಮತ್ತೆ ಅದೇ ಮಾತು ಬಂತು ನೋಡಿ, ಮಾಡೋರು ಯಾರು? ಎಷ್ಟೋ ಕಡೆ ಕುಡಿಯೋಕೆ, ಅಡುಗೆಗೆ ಮಾತ್ರ ಮಳೆನೀರು ಹಿಡಿದಿಟ್ಕೊಂಡು, ಬೋರಿನ ನೀರನ್ನ ಬಟ್ಟೆ ಪಾತ್ರೆಗೆ ಬಳಸೋದು ಇದಕ್ಕಿಂತ ಸುಲಭ ಆಗುತ್ತೆ.

ಪ್ರಶ್ನೆ: ಪ್ಲಾಸ್ಟಿಕ್ ಬಾಟಲಿ ನೀರನ್ನ ಬಿಸಿಲಲ್ಲಿ ಇಟ್ರೆ ಶುದ್ಧ ಆಗುತ್ತಂತೆ, ನಿಜಾನಾ?

ನಿಜ. ತಿಳಿ ಪೆಟ್ ಬಾಟಲಿ, ಎರಡು ಲೀಟರ್ ಮೀರದ್ದು, ಮಲಗಿಸಿ ಚುರುಕು ಬಿಸಿಲಲ್ಲಿ ಆರು ಗಂಟೆ, ಮೋಡ ಇದ್ರೆ ಎರಡು ದಿನ. ಸೂರ್ಯನ ನೇರಳಾತೀತ ಕಿರಣ ರೋಗಾಣುನ ಸಾಯಿಸುತ್ತೆ. ನೀರು ಕದಡಿದ್ರೆ ಆಗಲ್ಲ. ಬಾಟಲಿನ ಪೇಪರ್ ಮೇಲೆ ನಿಲ್ಲಿಸಿ ಮೇಲಿಂದ ನೋಡಿ, ಕೆಳಗಿನ ದಪ್ಪ ಅಕ್ಷರ ಓದೋಕೆ ಆದ್ರೆ ಸರಿ, ಆಗದಿದ್ರೆ ಮೊದ್ಲು ಸೋಸಿ. ವಿಷಕ್ಕೆ ಇದೂ ಮದ್ದಲ್ಲ. ಒಂದು ಮನೆಗೆ, ತುರ್ತಿಗೆ ಒಳ್ಳೇದು. ಇಡೀ ಊರಿಗೆ ವರ್ಷಗಟ್ಟಲೆ ಇದನ್ನೇ ಮಾಡಿ ಅಂತ ಹೇಳೋಕೆ ನಂಗೆ ಮನಸ್ಸಾಗಲ್ಲ, ಯಾಕಂದ್ರೆ ದಿನಾ ಹತ್ತು ಬಾಟಲಿ ತುಂಬಿ ಇಟ್ಟು ತೆಗೆಯೋ ಕೆಲಸ ಆ ಮನೆ ತಾಯಿ ತಲೆ ಮೇಲೇ ಬೀಳುತ್ತೆ.

ಪ್ರಶ್ನೆ: ನಾನು ಆರೋಗ್ಯ ಕಾರ್ಯಕರ್ತೆ. ನಾವು ಕೆಲಸ ಮಾಡೋ ಊರಲ್ಲಿ ನಲ್ಲಿ ನೀರಿನ ಟೆಸ್ಟ್ ಚೆನ್ನಾಗಿ ಬಂದಿದೆ, ಆದ್ರೂ ಮಕ್ಕಳಿಗೆ ಭೇದಿ ನಿಂತಿಲ್ಲ. ಏನು ಕಾರಣ ಇರ್ಬೋದು?

ಭೇದಿಗೆ ಕಾರಣ ನೀರೊಂದೇ ಅಲ್ಲ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಕೈ ತೊಳೆಯೋದು, ಶೌಚಾಲಯ, ನೊಣ ಎಲ್ಲ ಇದೆ. ಆದ್ರೆ ನೀರಿನ ಮಟ್ಟಿಗೆ ಹೇಳೋದಾದ್ರೆ ನೀವು ನಲ್ಲಿ ಹತ್ರ ಟೆಸ್ಟ್ ಮಾಡಿದೀರಿ, ಮಗು ಕುಡಿಯೋ ಲೋಟದ ಹತ್ರ ಮಾಡಿ. ಒಂದು ದಿನ ಒಂದೇ ಮನೇಲಿ ಕೂತ್ಕೊಂಡು ನೋಡಿ. ನೀರು ತರೋ ಕೊಡದ ಬಾಯಿ ಅಗಲ. ಕೊಡ ಹೊತ್ತಾಗ ಚೆಲ್ಲಬಾರ್ದು ಅಂತ ಮೇಲೆ ಯಾವುದೋ ಎಲೆ ಹಾಕಿರ್ತಾರೆ. ಮನೇಲಿ ಇನ್ನೊಂದು ಪಾತ್ರೆಗೆ ಸುರೀತಾರೆ, ಅದರಲ್ಲಿ ನಿನ್ನೆಯ ನೀರು ಅರ್ಧ ಇರುತ್ತೆ. ಮಗು ಆಟ ಆಡಿ ಬರುತ್ತೆ, ಲೋಟ ಅದ್ದುತ್ತೆ, ಲೋಟದ ಜೊತೆ ನಾಲ್ಕು ಬೆರಳೂ ನೀರೊಳಗೆ ಹೋಗುತ್ತೆ. ಆ ಬೆರಳು ಅದ್ದಿದ ಹೊತ್ತಲ್ಲೇ ನಿಮ್ಮ ಟೆಸ್ಟ್ ರಿಪೋರ್ಟು ಹಳೇದಾಯ್ತು.

ಇದಕ್ಕೆ ಎರಡು ಪರಿಹಾರ ಒಟ್ಟಿಗೇ ಬೇಕು. ಒಂದು, ಕೈ ಹೋಗದಷ್ಟು ಸಣ್ಣ ಬಾಯಿಯ, ಮುಚ್ಚಳ ಇರೋ, ಕೆಳಗೆ ನಲ್ಲಿ ಇರೋ ಡಬ್ಬಿ. ಎರಡನೇದು ಕ್ಲೋರಿನ್, ಯಾಕಂದ್ರೆ ಅದು ನೀರಲ್ಲಿ ಉಳ್ಕೊಂಡು ಆಮೇಲೆ ಬಿದ್ದ ರೋಗಾಣುನೂ ಕೊಲ್ಲುತ್ತೆ, ಕುದಿಸೋದ್ರಲ್ಲಿ ಆ ಗುಣ ಇಲ್ಲ. ಹಾಕಿ ಅರ್ಧ ಗಂಟೆ ಬಿಡ್ಬೇಕು, ಮನೇಲಿ ಕುಡಿಯೋ ಹೊತ್ತಿಗೂ ಲೀಟರಿಗೆ 0.2 ಮಿಲಿಗ್ರಾಮ್ ಆದ್ರೂ ಉಳಿದಿರ್ಬೇಕು. ಕೀನ್ಯಾದ ಹಳ್ಳಿಗಳಲ್ಲಿ ಮೈಕೆಲ್ ಕ್ರೆಮರ್ ಮತ್ತವರ ಜೊತೆಗಾರರು (ಕ್ರೆಮರ್ 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು) ಕ್ಲೋರಿನ್ ಬಾಟಲಿನ ಮನೆಗೆ ಮಾರೋ ಬದಲು ನೀರು ಹಿಡಿಯೋ ಜಾಗದಲ್ಲೇ ಒಂದು ಡಬ್ಬಿ ನಿಲ್ಲಿಸಿ ಪುಕ್ಕಟೆ ಇಟ್ರು, ತಿರುಪು ತಿರುಗಿಸಿದ್ರೆ ಒಂದು ಕ್ಯಾನಿಗೆ ಬೇಕಾದಷ್ಟೇ ಬೀಳೋ ಹಾಗೆ. ದುಡ್ಡು ಕೊಟ್ಟು ಬಾಟಲಿ ತಗೊಳೋರಿಗಿಂತ ಇದನ್ನ ಬಳಸಿದೋರು ಎಷ್ಟೋ ಜಾಸ್ತಿ. ನೀರು ಹಿಡಿಯೋವಾಗ್ಲೇ ಕಣ್ಣೆದುರಿಗೆ ಇರುತ್ತೆ, ಮರೆಯೋಕಾಗಲ್ಲ, ನಾಲ್ಕು ಜನ ನೋಡ್ತಿರ್ತಾರೆ.

ಮನೆ ನೀರು ಟೆಸ್ಟ್ ಮಾಡೋಕೆ ಲ್ಯಾಬೇ ಬೇಕಿಲ್ಲ, 1982ರಲ್ಲಿ ಭಾರತದ ವಿಜ್ಞಾನಿಗಳು ಪ್ರಕಟಿಸಿದ ಎಚ್‌ಟುಎಸ್ ಬಾಟಲಿ ಇದೆಯಲ್ಲ, ಒಳಗೆ ಮೊದ್ಲೇ ರಾಸಾಯನಿಕ ಹಾಕಿರೋ ಸಣ್ಣ ಶೀಶೆ ಅದು, ನೀರು ತುಂಬಿ ಬೆಚ್ಚಗಿಡಿ, ಒಂದೆರಡು ದಿನದಲ್ಲಿ ಕಪ್ಪಾದ್ರೆ ಮಲದ ಸೋಂಕು ಇದೆ ಅನ್ನೋ ಸೂಚನೆ. ಆ ಕಪ್ಪು ಶೀಶೆನ ತಾಯಂದಿರ ಮುಂದೆ ಇಡಿ. ನಾನು ಗಂಟೆಗಟ್ಟಲೆ ಭಾಷಣ ಮಾಡಿದಾಗ ಆಗದೇ ಇದ್ದ ಕೆಲಸ ಆ ಶೀಶೆ ಮಾಡಿದೆ.

ಪ್ರಶ್ನೆ: ಮಕ್ಕಳು ತಿರುಗಣಿ ಮೇಲೆ ಆಡಿದ್ರೆ ನೀರು ಮೇಲಕ್ಕೆ ಬರೋ ಪಂಪಿನ ವಿಡಿಯೋ ನೋಡಿದೆ, ತುಂಬ ಚೆನ್ನಾಗಿತ್ತು. ಇದನ್ನ ಎಲ್ಲಾ ಕಡೆ ಯಾಕೆ ಹಾಕಲ್ಲ?

ಅದು ಪ್ಲೇಪಂಪ್. ದಕ್ಷಿಣ ಆಫ್ರಿಕಾದಲ್ಲಿ ಶುರುವಾಗಿದ್ದು, 2006ರಲ್ಲಿ ಅಮೆರಿಕದ ದೊಡ್ಡ ದೊಡ್ಡೋರ ಬೆಂಬಲ ಸಿಕ್ಕಿ 4000 ಪಂಪು ಹಾಕೋ ಗುರಿ ಇಟ್ಕೊಂಡ್ರು. ಒಂದು ಪಂಪು 2500 ಜನಕ್ಕೆ ನೀರು ಕೊಡುತ್ತೆ ಅಂದಿದ್ರು. 2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ನೋಡಿದ್ರೆ ಅಷ್ಟು ನೀರು ಬರ್ಬೇಕು ಅಂದ್ರೆ ಮಕ್ಕಳು ದಿನಕ್ಕೆ 27 ಗಂಟೆ ಆಡ್ಬೇಕು. ದಿನಕ್ಕಿರೋದು ಇಪ್ಪತ್ನಾಲ್ಕೇ ಗಂಟೆ. ಮಕ್ಕಳಿಲ್ಲದ ಹೊತ್ತಲ್ಲಿ ದೊಡ್ಡ ಹೆಂಗಸರು ಬಗ್ಗಿ ಆ ಚಕ್ರ ತಳ್ಳಿದ್ರು, ಕೆಲವು ಕಡೆ ಚೆನ್ನಾಗಿದ್ದ ಕೈಪಂಪನ್ನೇ ಕಿತ್ತು ಇದನ್ನ ಹಾಕಿದ್ರು, ಕೆಟ್ರೆ ಊರಲ್ಲಿ ಯಾರಿಗೂ ರಿಪೇರಿ ಬರ್ತಿರ್ಲಿಲ್ಲ. ಆ ಯೋಜನೆ ಮಾಡಿದೋರ ಮನಸ್ಸು ಕೆಟ್ಟದಿತ್ತು ಅಂತ ನಾನು ಹೇಳಲ್ಲ. ದೂರದಲ್ಲಿ ಕೂತು ನೋಡೋರಿಗೆ ಖುಷಿ ಕೊಡೋ ಸಾಧನ, ನೀರು ಹೊರೋರಿಗೆ ಹಗುರ ಆಗುತ್ತಾ ಅಂತ ಅವರನ್ನೇ ಮೊದ್ಲು ಕೇಳಿದ್ರೆ ಇಷ್ಟಾಗ್ತಿರ್ಲಿಲ್ಲ.

ಪ್ರಶ್ನೆ: ನೀರು ಹಕ್ಕು ಅಂತೀರಿ, ಮತ್ತೆ ಬಡವರ ಹತ್ರ ದುಡ್ಡು ಕಟ್ಟಿಸ್ಕೊಳೋದು ಸರೀನಾ?

ಹಕ್ಕು ಹೌದು. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ನೀರು, ನೈರ್ಮಲ್ಯ ಮನುಷ್ಯರ ಹಕ್ಕು ಅಂತ ಒಪ್ಕೊಂಡಿದೆ. ಹಾಗಿದ್ರೂ 2022ರ ಲೆಕ್ಕದಲ್ಲಿ 220 ಕೋಟಿ ಜನಕ್ಕೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯೋ ನೀರು, ಅಂದ್ರೆ ಮನೆ ಹತ್ರಾನೇ ಬೇಕಾದಾಗ ಸಿಗೋ ಶುದ್ಧ ನೀರು, ಸಿಕ್ಕಿರ್ಲಿಲ್ಲ. ಹಕ್ಕು ಅಂದ್ರೆ ಕೈಗೆಟಕೋ ಹಾಗಿರ್ಬೇಕು, ದುಡ್ಡಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಬಾರ್ದು, ಅಷ್ಟು ಖಂಡಿತ. ಆದ್ರೆ ವಾಷರ್‌ಗೆ, ಮೆಕ್ಯಾನಿಕ್‌ಗೆ ಎಲ್ಲಿಂದಾದ್ರೂ ದುಡ್ಡು ಬರ್ಲೇಬೇಕು. ನಂಗೆ ಕಂಡ ಹಾಗೆ ಜನ ದುಡ್ಡು ಕೊಡಲ್ಲ ಅನ್ನೋದು ಅರ್ಧ ಸತ್ಯ, ನಿಂತೋಗಿರೋ ಪಂಪಿಗೆ ಯಾರೂ ಕೊಡಲ್ಲ ಅನ್ನೋದು ಪೂರ್ತಿ ಸತ್ಯ.

ಕೀನ್ಯಾದ ಕ್ಯೂಸೊ ಅನ್ನೋ ಜಾಗದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದೋರು ಕೈಪಂಪಿನ ಹ್ಯಾಂಡಲ್ ಒಳಗೆ ಸಣ್ಣ ಸಾಧನ ಕೂರಿಸಿದ್ರು, ಹ್ಯಾಂಡಲ್ ಆಡಿದ್ದನ್ನ ಎಣಿಸಿ ಮೊಬೈಲ್ ಸಂದೇಶ ಕಳಿಸುತ್ತೆ, ಆಡೋದು ನಿಂತ್ರೆ ಮೆಕ್ಯಾನಿಕ್‌ಗೆ ಗೊತ್ತಾಗುತ್ತೆ. ಮುಂಚೆ ಪಂಪು ಕೆಟ್ರೆ ಸರಾಸರಿ 27 ದಿನ ನಿಂತಿರ್ತಿತ್ತು, ಆಮೇಲೆ ಮೂರು ದಿನದೊಳಗೆ ಸರಿ ಆಗೋಕೆ ಶುರುವಾಯ್ತು. ಹಾಗೆ ರಿಪೇರಿ ಆಗೋದನ್ನ ಕಣ್ಣಾರೆ ಕಂಡ ಮೇಲೆ ಜನ ಮುಂಚೆಗಿಂತ ಜಾಸ್ತಿ ಕೊಡೋಕೆ ಒಪ್ಪಿದ್ರು. ಪೂರ್ತಿ ಖರ್ಚು ಬಡ ಊರಿಂದಾನೇ ಬರ್ಬೇಕು ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಪಟ್ಟಣದ ಪೈಪ್‌ಲೈನ್‌ಗೆ ಸರ್ಕಾರದ ದುಡ್ಡು ಹೋಗುತ್ತೆ ಅಂದ್ರೆ ಹಳ್ಳಿ ಪಂಪಿಗೂ ಹೋಗ್ಬೇಕು.

ಪ್ರಶ್ನೆ: ಕೈಪಂಪು ಬದ್ಲು ಸೋಲಾರ್ ಪಂಪು ಹಾಕಿದ್ರೆ?

ಒಳ್ಳೇದು, ಮೇಲೆ ಟ್ಯಾಂಕ್ ದೊಡ್ಡದಿರ್ಲಿ, ಬ್ಯಾಟರಿ ಬೇಕಿಲ್ಲ, ಹಗಲು ತುಂಬಿದ ನೀರು ರಾತ್ರಿಗೆ ಆಗುತ್ತೆ. ಒಂದೇ ಎಚ್ಚರಿಕೆ, ಡೀಸೆಲ್ ಖರ್ಚು ಇಲ್ಲ ಅಂತ ಬೆಳಗಿಂದ ಸಂಜೆವರೆಗೂ ಓಡಿಸಿದ್ರೆ ಬೋರಿನ ಮಟ್ಟ ಇಳೀತಾ ಹೋಗುತ್ತೆ. ತಿಂಗಳಿಗೊಂದು ಸಲ ಟೇಪು ಇಳಿಬಿಟ್ಟು ನೀರಿನ ಮಟ್ಟ ಅಳೆದು ಗೋಡೆ ಮೇಲೆ ಎಲ್ಲರಿಗೂ ಕಾಣೋ ಹಾಗೆ ಬರೀರಿ.

ಪ್ರಶ್ನೆ: ನಮ್ಮ ನೀರಿನ ಕಮಿಟೀಲಿ ಐದು ಜನ ಹೆಂಗಸರಿದಾರೆ, ಸಭೇಲಿ ಯಾರೂ ಬಾಯಿ ಬಿಡಲ್ಲ. ಅವರಿಗೆ ಆಸಕ್ತಿ ಇಲ್ವೇನೋ ಅನ್ಸುತ್ತೆ.

ಮನೇಲಿ ನೀರಿನ ವ್ಯವಸ್ಥೆ ಇಲ್ಲದ ಕುಟುಂಬಗಳನ್ನ ಪ್ರಪಂಚದಾದ್ಯಂತ ತಗೊಂಡ್ರೆ ಹತ್ರಲ್ಲಿ ಏಳು ಮನೇಲಿ ನೀರು ತರೋ ಜವಾಬ್ದಾರಿ ಹೆಂಗಸರದ್ದು, ಹೆಣ್ಣುಮಕ್ಕಳದ್ದು. ಆಸಕ್ತಿ ಇಲ್ದೇ ಇರೋಕೆ ಹೇಗೆ ಸಾಧ್ಯ. ಸಭೆ ಎಷ್ಟು ಹೊತ್ತಿಗೆ ಕರೀತೀರಿ? ಅವರು ನೀರಿಗೆ ಹೋಗೋ ಹೊತ್ತಿಗೇ ಕರೆದಿರ್ಬೋದು ನೋಡಿ. ಸಭೆನ ಪಂಪಿನ ಕಟ್ಟೆ ಹತ್ರಾನೇ ಮಾಡಿ. ರಿಪೇರಿ ಕಲಿಸೋದಾದ್ರೆ ಅವರಿಗೇ ಕಲಿಸಿ, ಸ್ಪ್ಯಾನರ್ ಅವರ ಮನೇಲಿರ್ಲಿ, ಪಂಪು ಕೆಟ್ಟಾಗ ಮೊದ್ಲು ಗೊತ್ತಾಗೋದು ಅವರಿಗೆ ತಾನೇ.

ಮತ್ತೆ ದೊಡ್ಡ ಪ್ರಶ್ನೆ ಕೇಳ್ಬೇಡಿ, ಯೋಜನೆ ಬಗ್ಗೆ ಅಭಿಪ್ರಾಯ ಏನು ಅಂದ್ರೆ ಯಾರೂ ಉತ್ತರ ಕೊಡಲ್ಲ. ಒಂದು ಸಣ್ಣ ವಿಷಯ ಕೇಳಿ. ಇಪ್ಪತ್ತು ಲೀಟರ್ ಕ್ಯಾನು ತುಂಬಿದ್ರೆ ಇಪ್ಪತ್ತು ಕೆಜಿ, ನೆಲದಿಂದ ತಲೆಗೆ ಒಬ್ಬರೇ ಎತ್ತೋದು ಕಷ್ಟ, ಬಸುರಿ ಹೆಂಗಸಿಗಂತೂ ಕೇಳ್ಲೇಬೇಡಿ. ನಲ್ಲಿ ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಒಂದು ಕಟ್ಟೆ ಇದ್ರೆ ಅಲ್ಲಿಟ್ಟು ಆಮೇಲೆ ಹೊತ್ಕೋಬೋದು. ಆ ಕಟ್ಟೆ ಎಷ್ಟು ಎತ್ತರ ಇರ್ಬೇಕು, ಯಾವ ಕಡೆ ಇರ್ಬೇಕು ಅಂತ ಕೇಳಿ, ಅಳತೆ ಟೇಪು ಅವರ ಕೈಗೇ ಕೊಡಿ.